ಮೂರನೇ ಪೀಪಾಯಿ

ಫೆದಿರ್ ಲಾರಿಯಿಂದ ಇಳಿಸಿದ ಚೀಲಗಳಲ್ಲಿ
ಹಸಿರೂ ಅಲ್ಲದ ಬೂದಿಯೂ ಅಲ್ಲದ ನುಚ್ಚು.
ನಾಲಿಗೆಗಿಟ್ಟರೆ ನಾಲಿಗೆಯನ್ನೇ ಹಿಡಿದುಕೊಳ್ಳುತ್ತದೆ.
"ನಮ್ಮ ಬೆಟ್ಟದ್ದು" ಎಂದ, ಬೆವರು ಒರೆಸುತ್ತ,
"ಯಾವ ಕಾಲದ್ದೋ ಜ್ವಾಲಾಮುಖಿಯ ಬೂದಿ,
ಸಮುದ್ರದಲ್ಲಿ ನೆನೆದು ನೆನೆದು ಕಲ್ಲಾಯಿತು."
ಅವನ ಸೀಮೆಯಲ್ಲೂ ಉಝ್ ಎಂಬ ಹೊಳೆಯಿದೆಯಂತೆ.
ನಮ್ಮದೂ ಉಝ್.
ಒಂದೇ ಹೆಸರಿನ ಎರಡು ಹೊಳೆ, ನಡುವೆ ಇಡೀ ಉಕ್ರೇನು;
ಅಲ್ಲಿಯದರಲ್ಲಿ ಮಕ್ಕಳು ಈಗಲೂ ಈಜುತ್ತಾರೆ.

ಶಾಲೆಯ ಹಿಂದಿನ ಪಂಪುಮನೆಯಲ್ಲಿ ಎರಡು ದಿನ
ತೊಳೆದೆ, ಜರಡಿ ಹಿಡಿದೆ, ಪೀಪಾಯಿಗೆ ತುಂಬಿದೆ.
ಗ್ರೆಚ್ಕಾ ಕಾಳಿನಲ್ಲಿ ಕಲ್ಲು ಆರಿಸಿ ಎಸೆದು ಬೆಳೆದ ಕೈ,
ಈಗ ಕಲ್ಲನ್ನು ಇಟ್ಟುಕೊಂಡು ನೀರನ್ನು ಆರಿಸಬೇಕು.

ಇನ್‌ಸ್ಪೆಕ್ಟರು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದರು:
ಕಲ್ಲಿನೊಳಗೆ ಕೋಣೆಗಳು, ಕೋಣೆಗೊಂದು ಕಿಟಕಿ,
ಒಳಗೆ ಸೋಡಿಯಂ, ಬಾಡಿಗೆಗೆ.
ಸೀಸಿಯಂ ಬಂತೆಂದರೆ ಸೋಡಿಯಂ ಎದ್ದು ಹೋಗುತ್ತದೆ.
ಯಾಕೆ ಹೋಗಬೇಕು, ಎಂದು ಕೇಳಿದೆ.
ಸೀಸಿಯಂಗೆ ಆ ಕೋಣೆ ಅಳೆದು ಹೊಲಿದ ಅಂಗಿ, ಎಂದರು.
ಊರು ಖಾಲಿ ಮಾಡಿಸಿದಾಗ ನನ್ನ ತಂಗಿಯ ಸಂಸಾರ
ನಮ್ಮ ಎರಡು ಕೋಣೆಗಳಲ್ಲಿ ಎಂಟು ತಿಂಗಳು ಇತ್ತು.
ಮುಂದೆ ನಾನೇನೂ ಕೇಳಲಿಲ್ಲ.

ಸ್ಟ್ರಾನ್ಷಿಯಂ ಬೇರೆಯದೇ ಕುಲ.
ಸುಣ್ಣದ ವೇಷ ಹಾಕಿ ಬರುತ್ತದೆ,
ಎಳೆಯ ಮೂಳೆ ನಂಬಿ ಬಾಗಿಲು ತೆಗೆಯುತ್ತದೆ.
ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು
ಮೂಳೆಗೆ ಹೇಳಿಕೊಟ್ಟವರು ಯಾರು?
ಈ ಕಲ್ಲೂ ಅದನ್ನು ಅರೆಮನಸ್ಸಿನಿಂದ ಹಿಡಿಯುತ್ತದೆ,
ನೀರು ಗಡಸಾದರೆ ಬಿಟ್ಟೂ ಬಿಡುತ್ತದೆ.
ಅದಕ್ಕೇ ನಲ್ಲಿ ಸಣ್ಣಗೆ, ಇನ್ನೂ ಸಣ್ಣಗೆ;
ಒಂದು ಬಕೆಟ್ಟು ತುಂಬುವಷ್ಟರಲ್ಲಿ
ಒಂದು ಕಾಲುಚೀಲದ ಹಿಮ್ಮಡಿ ಹೆಣೆದು ಮುಗಿಯುತ್ತಿತ್ತು.

ಯಾವ್ದೋಖಾ ಮಾತ್ರ ಬಾವಿಗೇ ಹೋದಳು.
"ನಿನ್ನ ನೀರಿಗೆ ರುಚಿಯಿಲ್ಲ, ಕ್ಲಾವ್ದಿಯಾ.
ಯುದ್ಧದಲ್ಲಿ ಇದೇ ಬಾವಿಗೆ ಸತ್ತ ಕುದುರೆ ಎಸೆದಿದ್ದರು.
ಕಾಯಿಸಿ ಕುಡಿದೆವು."
ಕಾಯಿಸಿದರೆ ಸಾಯುವಂಥದ್ದಲ್ಲ ಇದು, ಎಂದೆ.
"ಹಾಗಾದರೆ ಅದೊಂದೇ ನಮ್ಮೂರಲ್ಲಿ ಉಳಿಯುವುದು"
ಎಂದು ಕೊಡ ಎತ್ತಿಕೊಂಡಳು.

ಒಂದು ರಾತ್ರಿ, ಕಲ್ಲು ನೀರು ಕರಗುವ ಹೊತ್ತು,
ಪಂಪು ನಿಲ್ಲಿಸಲು ಬಂದೆ.
ಎಣಿಸುವ ಯಂತ್ರವನ್ನು ಯಾರೋ ಆರಿಸದೆ ಹೋಗಿದ್ದರು.
ಬಕೆಟ್ಟಿನ ನೀರಿಗೆ ಹಿಡಿದೆ: ಟಿಕ್.
ಕಾದೆ. ಟಿಕ್.
ಪೀಪಾಯಿಗೆ ಹಿಡಿದೆ:
ಕಾದ ಎಣ್ಣೆಗೆ ಬಿದ್ದ ಸಾಸಿವೆ.

ಎಷ್ಟು ಸಂಜೆ ಬೆನ್ನು ಒರಗಿಸಿ ಕೂತಿದ್ದೆ ಅದಕ್ಕೆ,
ಬೆಚ್ಚಗಿದೆ ಎಂದೂ ಅಂದುಕೊಂಡಿದ್ದೆ.
ಇಡೀ ಹಳ್ಳಿ ಕುಡಿಯದೆ ಬಿಟ್ಟದ್ದೆಲ್ಲ
ಒಂದೇ ಕಡೆ ಕೂತಿತ್ತು, ತಗಡಿನ ಆಚೆ,
ನನ್ನ ಬೆನ್ನಿನ ಅಳತೆಯಲ್ಲಿ.
ಕಲ್ಲೂ ಕರಗಿರಲಿಲ್ಲ, ನೀರೂ ಕರಗಿರಲಿಲ್ಲ.

ಮೊದಲನೆಯದನ್ನು ಲಾರಿ ಬಂದು ಒಯ್ದಿತು. ಎರಡನೆಯದನ್ನೂ.
ಮೂರನೆಯದು ತುಂಬುವ ಹೊತ್ತಿಗೆ
ಲಾರಿ ಕಳಿಸಬೇಕಾದ ದೇಶವೇ ಇರಲಿಲ್ಲ.
ಕಚೇರಿಗೆ ಫೋನು ಮಾಡಿದರೆ ಹೊಸ ದನಿ, ಹೊಸ ಬಾವುಟ,
ಪೆಟ್ರೋಲು ಮಾತ್ರ ಹಳೆಯದೂ ಇಲ್ಲ ಹೊಸದೂ ಇಲ್ಲ.
ಬಡಗಿ ನೆಸ್ತೋರ್ ಬಂದು ಹಲಗೆ ಕಟ್ಟಿ ಕಾಂಕ್ರೀಟು ಸುರಿದ.
ಒದ್ದೆಯಿರುವಾಗ ಕೋಳಿಯೊಂದು ನಡೆದುಹೋಯಿತು.
ಹೆಜ್ಜೆಗಳು ಇನ್ನೂ ಇವೆ.

ಯಾವ್ದೋಖಾ ತೊಂಬತ್ತೊಂದಕ್ಕೆ ಹೋದಳು, ಬಾವಿ ನೀರನ್ನೇ ಕುಡಿದು.
ಪೀಪಾಯಿಯ ನೀರು ಕುಡಿದ ನನ್ನ ತಂಗಿ ಐವತ್ತಕ್ಕೆ.
ಇದರಿಂದ ಏನೂ ಸಾಬೀತಾಗುವುದಿಲ್ಲ,
ಇನ್‌ಸ್ಪೆಕ್ಟರು ಇದ್ದಿದ್ದರೆ ಅದನ್ನೇ ಹೇಳುತ್ತಿದ್ದರು.

ಸೀಸಿಯಂ ಅರ್ಧವಾಗಲು ಮೂವತ್ತು ವರ್ಷ.
ಮೊನ್ನೆ ಮೂವತ್ತು ತುಂಬಿತು.
ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿ ಹೋದೆ.
ಸಾಸಿವೆ ಇನ್ನೂ ಸಿಡಿಯುತ್ತಿದೆ,
ಆದರೆ ಒಲೆಯ ಉರಿ ಯಾರೋ ತಗ್ಗಿಸಿದ ಹಾಗೆ.
ಪುಸ್ತಕದಲ್ಲಿ ತಾರೀಖು ಬರೆದೆ, ಅಂಕಿ ಬರೆದೆ,
ಕುರ್ಚಿಯನ್ನು ಹತ್ತು ಹೆಜ್ಜೆ ಆಚೆಗೆ ಎಳೆದುಕೊಂಡು
ಇನ್ನೊಂದು ಕಾಲುಚೀಲ ಶುರುಮಾಡಿದೆ.